ಪೇಪರ್ ಹಾಕೋಕೆ ಮುಂಚೆ ಒಂದು ಗಂಟೆ: ಶೇಷಾದ್ರಿಪುರಂನ ಒಬ್ಬ ಲೇಬರ್ ಲಾಯರ್ ಆಫೀಸಿನ ರಿವ್ಯೂ

ಹೆಸರು ಕೇಳಬೇಡಿ ಅಂತ ಮೊದಲೇ ಹೇಳಿಬಿಡ್ತೀನಿ. ವಕೀಲರು ಜಾಹೀರಾತು ಕೊಡುವಂತಿಲ್ಲ, ಬಾರ್ ಕೌನ್ಸಿಲ್‌ನ ನಿಯಮ 36 ಅದನ್ನೇ ಹೇಳುತ್ತೆ. "ನಿಮ್ಮ ಬಗ್ಗೆ ರಿವ್ಯೂ ಬರೀಲಾ ಸಾರ್" ಅಂತ ಕೇಳಿದ್ದಕ್ಕೆ ಅವರು ನಕ್ಕು, "ಬರೀರಿ, ನನ್ನ ಹೆಸರು ಬೇಡ, ಆಮೇಲೆ ನಾನೇ ಇನ್ನೊಬ್ಬ ಲಾಯರ್ ಹುಡುಕಬೇಕಾಗುತ್ತೆ" ಅಂದರು. ಹಾಗಾಗಿ ಇದನ್ನು ಒಬ್ಬರ ರಿವ್ಯೂ ಅಂತ ಓದಬೇಡಿ. ಕೆಲಸ ಹೋಗುತ್ತೆ ಅಂತ ಹೆದರಿ, ಕಂಪನಿಯವರು ತೆಗೆಯೋಕೆ ಮುಂಚೆ ನಾನೇ ಪೇಪರ್ ಹಾಕಿಬಿಡಲಾ, ಅಂದರೆ ರಾಜೀನಾಮೆ ಕೊಟ್ಟುಬಿಡಲಾ ಅಂತ ಕೂತವನು ಎರಡು ಸಾವಿರ ರೂಪಾಯಿ ಕೊಟ್ಟು ಲೇಬರ್ ಲಾಯರ್ ಹತ್ತಿರ ಹೋದರೆ ಏನು ಸಿಗುತ್ತೆ, ಏನು ಸಿಗಲ್ಲ, ಅಷ್ಟು ಹೇಳ್ತೀನಿ.

ನಾನು ಎಲೆಕ್ಟ್ರಾನಿಕ್ ಸಿಟಿಯ ಒಂದು ಐಟಿ ಕಂಪನಿಯಲ್ಲಿದ್ದೀನಿ, 2021ರ ಫೆಬ್ರವರಿ 15ಕ್ಕೆ ಸೇರಿದ್ದು. 2025ರ ಸೆಪ್ಟೆಂಬರ್ 1ಕ್ಕೆ ನನ್ನನ್ನು ಪಿಐಪಿಗೆ ಹಾಕಿದರು. ಗೊತ್ತಿಲ್ಲದವರಿಗೆ: ನಿನ್ನ ಕೆಲಸ ಸರಿಯಿಲ್ಲ, ಇಷ್ಟು ದಿನದಲ್ಲಿ ಸರಿಮಾಡಿಕೋ, ಇಲ್ಲದಿದ್ದರೆ ನೋಡ್ಕೋತೀವಿ ಅಂತ ಕೊಡುವ ಕಾಗದ ಅದು. ನನಗೆ ಕೊಟ್ಟಿದ್ದು 60 ದಿನ, ಅಕ್ಟೋಬರ್ 30ರವರೆಗೆ. ಹನ್ನೊಂದು ದಿನ ಕಳೆದಿರಬೇಕು, ಸೆಪ್ಟೆಂಬರ್ 12ರ ಶುಕ್ರವಾರ ಸಂಜೆ ನಾಲ್ಕೂವರೆಗೆ ಎಚ್‌ಆರ್ ಒಂದು ಸಣ್ಣ ಮೀಟಿಂಗ್ ರೂಮಿಗೆ ಕರೆದರು. ಟೇಬಲ್ ಮೇಲೆ ಟಿಶ್ಯೂ ಡಬ್ಬ ಇತ್ತು. ಆ ರೂಮಿನಲ್ಲಿ ನಾಲ್ಕು ವರ್ಷದಲ್ಲಿ ಒಂದು ದಿನವೂ ಟಿಶ್ಯೂ ಡಬ್ಬ ನೋಡಿರಲಿಲ್ಲ. ಅಲ್ಲೇ ಅರ್ಥ ಆಯ್ತು.

ಅವರು ಹೇಳಿದ್ದು ಇಷ್ಟು. ಪಿಐಪಿ ಕಷ್ಟ ಇದೆ, ನಿಮ್ಮ ರೆಕಾರ್ಡ್ ಕೆಡೋದು ನಮಗೂ ಇಷ್ಟ ಇಲ್ಲ. ಸೋಮವಾರದೊಳಗೆ ನೀವೇ ರಾಜೀನಾಮೆ ಕೊಟ್ಟರೆ ತಕ್ಷಣ ಬಿಡುಗಡೆ ಮಾಡ್ತೀವಿ, ಎರಡು ತಿಂಗಳ ಸಂಬಳ ಕೊಡ್ತೀವಿ, ರಿಲೀವಿಂಗ್ ಲೆಟರ್ ಕ್ಲೀನಾಗಿ ಬರುತ್ತೆ. ಕಾರಣ ಮಾತ್ರ 'ವೈಯಕ್ತಿಕ' ಅಂತ ಬರೆಯಿರಿ. ತುಂಬಾ ಮೆತ್ತಗೆ ಮಾತಾಡಿದರು, ಸುಳ್ಳು ಹೇಳಬಾರದು. ಆ ಮೆತ್ತಗಿನ ದನಿಗೇ ನಾನು ಅರ್ಧ ಕರಗಿದ್ದೆ. ರಾತ್ರಿ ಹನ್ನೊಂದಕ್ಕೆ ರಾಜೀನಾಮೆ ಮೇಲ್ ಟೈಪ್ ಮಾಡಿ ಡ್ರಾಫ್ಟ್‌ನಲ್ಲಿ ಇಟ್ಟಿದ್ದೆ. ಟರ್ಮಿನೇಟ್ ಅನ್ನೋ ಪದ ಹೆಸರಿನ ಪಕ್ಕ ಬಂದರೆ ಮುಂದೆ ಯಾರು ಕೆಲಸ ಕೊಡ್ತಾರೆ ಅನ್ನೋದೊಂದೇ ತಲೆಯಲ್ಲಿ.

ಇದಕ್ಕೆ ಮುಂಚೆ ಒಂದು ತಪ್ಪು ಮಾಡಿದ್ದೆ, ಅದನ್ನೂ ಹೇಳಬೇಕು. ಪಿಐಪಿ ಬಂದ ವಾರವೇ ಆನ್‌ಲೈನ್‌ನಲ್ಲಿ ಒಬ್ಬ ಕರಿಯರ್ ಕೋಚ್‌ಗೆ 4,999 ರೂಪಾಯಿ ಕಟ್ಟಿ 45 ನಿಮಿಷ ಮಾತಾಡಿದ್ದೆ. ಒಳ್ಳೆ ಹುಡುಗ, ಹಿಂದೆ ಪುಸ್ತಕದ ಶೆಲ್ಫ್, ಮುಖದ ಮೇಲೆ ಲೈಟು. ನಿಮ್ಮ ಮನಸ್ಸಿಗೆ ಏನು ಬೇಕು ಅಂತ ನಾಲ್ಕು ಸಲ ಕೇಳಿದ. ಮನಸ್ಸಿಗೆ ಇಎಂಐ ಕಟ್ಟಬೇಕು ಮಾರಾಯ, ಇನ್ನೇನು ಬೇಕು. ನೋಟಿಸ್ ಪೀರಿಯಡ್ ಎಷ್ಟು ಅಂತ ಅವನು ಕೇಳಲೇ ಇಲ್ಲ. ಕೊನೆಗೆ ರೆಸ್ಯೂಮೆ ಟೆಂಪ್ಲೇಟ್ ಒಂದನ್ನು ಕಳಿಸಿದ. ಅದಕ್ಕೆ ಇಷ್ಟು ಸಾಕು, ಮುಂದೆ ಹೋಗೋಣ.

ಲಾಯರ್ ನಂಬರ್ ಸಿಕ್ಕಿದ್ದು ಹಳೇ ಟೀಮಿನ ಗೆಳೆಯನಿಂದ. 13ನೇ ತಾರೀಖು ಎರಡನೇ ಶನಿವಾರ, ಕೋರ್ಟ್ ಇಲ್ಲ, ಮಧ್ಯಾಹ್ನ ಬನ್ನಿ ಅಂದರು. ಹಳದಿ ಮೆಟ್ರೋ ಶುರುವಾಗಿ ಆಗಷ್ಟೇ ಒಂದು ತಿಂಗಳು. ರೈಲು ಇಪ್ಪತ್ತು ಇಪ್ಪತ್ತೈದು ನಿಮಿಷಕ್ಕೊಂದು, ಆದರೂ ಸಿಲ್ಕ್ ಬೋರ್ಡ್ ಟ್ರಾಫಿಕ್‌ಗಿಂತ ವಾಸಿ. ಆರ್‌ವಿ ರೋಡಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ಸಂಪಿಗೆ ರೋಡ್ ಸ್ಟೇಷನ್‌ನಲ್ಲಿ ಇಳಿದು ನಡೆದೆ. ಕೆಳಗೆ ಜೆರಾಕ್ಸ್ ಅಂಗಡಿ, ಮೇಲೆ ಎರಡನೇ ಮಹಡಿಯಲ್ಲಿ ಇವರ ಆಫೀಸು. ಬೋರ್ಡ್ ಸಣ್ಣದು, ಬಾಗಿಲಿಗೆ ಬಂದು ಮುಟ್ಟೋವರೆಗೂ ಕಾಣಲ್ಲ. ಎರಡು ಗಂಟೆಗೆ ಬನ್ನಿ ಅಂದವರು ಎರಡು ಮುಕ್ಕಾಲಿಗೆ ಕರೆದರು. ಪ್ಲಾಸ್ಟಿಕ್ ಕುರ್ಚಿಯಲ್ಲಿ ನನ್ನ ಪಕ್ಕ ಕೂತಿದ್ದವರು ಪೀಣ್ಯದ ಒಂದು ಫ್ಯಾಕ್ಟರಿಯವರು, ಮೂವರು, ಒಂದೇ ಫೈಲ್ ಹಿಡಿದುಕೊಂಡು. ಅವರ ಕೇಸು ಹಾಕಿ ಆರು ವರ್ಷ ಆಗಿದೆಯಂತೆ. ಅದನ್ನು ಕೇಳಿ ನನ್ನ ಧೈರ್ಯ ಇನ್ನೂ ಒಂದು ಮೆಟ್ಟಿಲು ಇಳಿಯಿತು.

ಒಳಗೆ ಹೋದ ಮೇಲೆ ನಾನು ಕಥೆ ಶುರು ಮಾಡಿದೆ. ಮ್ಯಾನೇಜರ್ ಬದಲಾದದ್ದು, ಪ್ರಾಜೆಕ್ಟ್ ಮುಗಿದದ್ದು, ರೇಟಿಂಗ್ ಬಿದ್ದದ್ದು. ಎರಡು ನಿಮಿಷ ಕೇಳಿ ಕೈ ಎತ್ತಿದರು. "ಇವ್ರೇ, ಅದೆಲ್ಲ ಆಮೇಲೆ. ಅಪಾಯಿಂಟ್‌ಮೆಂಟ್ ಲೆಟರ್ ಕೊಡಿ." ಕನ್ನಡಕ ಹಣೆ ಮೇಲೆ ಏರಿಸಿಕೊಂಡು ಕಾಗದವನ್ನು ಮೂಗಿಗೆ ತಾಗೋ ಹಾಗೆ ಹಿಡಿದು ಓದಿದರು. ನಾನು ನಾಲ್ಕೂವರೆ ವರ್ಷದಲ್ಲಿ ಒಮ್ಮೆಯೂ ಪೂರ್ತಿ ಓದಿರದ ಒಂಬತ್ತು ಪುಟ. ಆಮೇಲೆ ಪಿಐಪಿ ಕಾಗದ. "ತೆಗೀತಾರೆ ಅಂದ್ರಲ್ಲ, ಎಲ್ಲಿದೆ ಆ ಸಾಲು, ತೋರಿಸಿ." ತೋರಿಸಿದೆ. ಸರಿಹೋಗದಿದ್ದರೆ ಕೆಲಸದಿಂದ ತೆಗೆಯುವುದೂ ಸೇರಿ ಕ್ರಮ ಕೈಗೊಳ್ಳಬಹುದು ಅಂತ ಇತ್ತು. "ಬಹುದು ಅಂತ ಇದೆ. ನೀವು ಆಯ್ತು ಅಂತ ಓದಿಕೊಂಡು ಬಂದಿದ್ದೀರಿ."

ಹಾಗಂತ ಸುಳ್ಳು ಸಮಾಧಾನ ಹೇಳಲಿಲ್ಲ. ಪಿಐಪಿಯಿಂದ ಎದ್ದು ಬಂದವರು ಇದ್ದಾರಾ ಸಾರ್ ಅಂತ ಕೇಳಿದೆ. "ನಾನು ನೋಡಿಲ್ಲ. ಆದರೆ ಎದ್ದವರು ನನ್ನ ಹತ್ರ ಯಾಕೆ ಬರ್ತಾರೆ?" ಅಂದರು. ಇಷ್ಟ ಆಯ್ತು ಈ ಉತ್ತರ.

ಆಮೇಲೆ ಬಂತು ನನ್ನ ಎರಡು ಸಾವಿರ ವಸೂಲಾದ ಮಾತು. ಲೆಟರ್‌ನಲ್ಲಿ ಎರಡೂ ಕಡೆಯವರಿಗೆ 90 ದಿನ ನೋಟಿಸ್, ಇಲ್ಲವೇ ಅದರ ಬದಲು ಸಂಬಳ ಅಂತ ಇತ್ತು. "ಮೂರು ತಿಂಗಳು ನಿಮ್ಮ ಜೇಬಲ್ಲೇ ಇದೆ. ಅದನ್ನ ಬಿಟ್ಟುಕೊಡಿ, ಎರಡು ತಿಂಗಳು ಕೊಡ್ತೀವಿ ಅಂತಿದ್ದಾರೆ. ಇದು ಪರಿಹಾರಾನಾ, ಡಿಸ್ಕೌಂಟಾ?" ನಾನು ಸುಮ್ಮನೆ ಕೂತೆ. ಇಂಜಿನಿಯರಿಂಗ್ ಓದಿದವನು ನಾನು, ಮೂರರಲ್ಲಿ ಎರಡು ಹೋದರೆ ಒಂದು ಅನ್ನೋದು ಹೆದರಿಕೆಯಲ್ಲಿ ಹೊಳೆದಿರಲಿಲ್ಲ. ಅದೂ ಬೇಸಿಕ್ ಮೇಲೋ ಪೂರ್ತಿ ಸಂಬಳವೋ ಅಂತ ಕೇಳಿದರು. ಅದನ್ನೂ ನಾನು ಎಚ್‌ಆರ್ ಹತ್ತಿರ ಕೇಳಿರಲಿಲ್ಲ.

ಗೋಡೆಯಲ್ಲಿ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ನೇತುಹಾಕಿತ್ತು. ಅದನ್ನು ಮೊಳೆಯಿಂದ ತೆಗೆದು ಟೇಬಲ್ ಮೇಲೆ ಹಾಕಿ ಪೆನ್ಸಿಲ್ ಹಿಡಿದರು. ಇವತ್ತೇ ಪೇಪರ್ ಹಾಕಿ ನೋಟಿಸ್ ಪೂರ್ತಿ ಮಾಡಿದರೆ ಡಿಸೆಂಬರ್ 12. ಪಿಐಪಿ ಮುಗಿದ ದಿನ ನೋಟಿಸ್ ಕೊಟ್ಟರೆ 2026ರ ಜನವರಿ 28. ಐದು ವರ್ಷ ತುಂಬೋದು ಫೆಬ್ರವರಿ 14ಕ್ಕೆ. ಆ ಕ್ಯಾಲೆಂಡರ್‌ನಲ್ಲಿ 2026 ಇರಲಿಲ್ಲ, ಹಾಗಾಗಿ ಅಂಚಿನ ಖಾಲಿ ಜಾಗದಲ್ಲಿ ಜನವರಿ, ಫೆಬ್ರವರಿ ಅಂತ ಬರೆದು ಎರಡು ಚೌಕ ಹಾಕಿದರು. ಎರಡು ವಾರ ಚಿಲ್ಲರೆ ಕಮ್ಮಿ. ಐದು ವರ್ಷ ಯಾಕೆ ಅಂದರೆ ಗ್ರಾಚ್ಯುಟಿ, ಅಷ್ಟು ವರ್ಷ ದುಡಿದವರಿಗೆ ಕೆಲಸ ಬಿಡುವಾಗ ಕಂಪನಿ ಕೊಡಬೇಕಾದ ಇಡಿಗಂಟು. ಬೇಸಿಕ್ಕನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ವರ್ಷದ ಲೆಕ್ಕಕ್ಕೆ ಗುಣಿಸೋದು. ನನ್ನ ಬೇಸಿಕ್ 52,000, ಅಂದರೆ ವರ್ಷಕ್ಕೆ 30,000, ಐದು ವರ್ಷಕ್ಕೆ ಒಂದೂವರೆ ಲಕ್ಷ. ಹೆದರಿಕೆಯಲ್ಲಿ ಸೋಮವಾರ ಸಹಿ ಹಾಕಿದ್ದರೆ ಇದಿಷ್ಟೂ ಹೋಗ್ತಿತ್ತು.

ನಾಲ್ಕು ವರ್ಷ 240 ದಿನ ಆದರೆ ಸಾಕು ಅಂತ ಕೇಳಿದ್ದೀನಲ್ಲ ಅಂದೆ. ಕೇಳಿರ್ತೀರಿ, ಹೈಕೋರ್ಟ್ ತೀರ್ಪೂ ಇದೆ, ಮದ್ರಾಸ್‌ದು. ವಾರಕ್ಕೆ ಆರು ದಿನಕ್ಕಿಂತ ಕಮ್ಮಿ ಕೆಲಸ ಇರೋ ಕಡೆ 190 ದಿನ ಅನ್ನೋ ವಾದವೂ ಇದೆ. ಆದರೆ ಕಂಪನಿ ಕೊಡಲ್ಲ ಅಂದರೆ ನೀವು ಓಡಾಡಬೇಕು. ಐದು ತುಂಬಿದರೆ ಯಾರೂ ಮಾತಾಡಲ್ಲ. ವಾದ ಮಾಡಿ ಗೆಲ್ಲೋ ದುಡ್ಡು ಬೇರೆ, ಕೇಳದೆ ಬರೋ ದುಡ್ಡು ಬೇರೆ ಅಂದರು. ಹೊರಗೆ ಕೂತಿದ್ದ ಪೀಣ್ಯದವರ ಫೈಲ್ ನೆನಪಾಗಿ ನಾನು ಮತ್ತೆ ಕೇಳಲಿಲ್ಲ.

ನನ್ನ ದೊಡ್ಡ ಹೆದರಿಕೆ, ಟರ್ಮಿನೇಟ್ ಆದರೆ ಗ್ರಾಚ್ಯುಟಿ, ಪಿಎಫ್ ಎಲ್ಲಾ ಹೋಗುತ್ತೆ ಅನ್ನೋದು. ಅದು ಹಾಗಿಲ್ಲವಂತೆ. ಕೆಲಸ ಚೆನ್ನಾಗಿ ಮಾಡಲಿಲ್ಲ ಅಂತ ತೆಗೆಯೋದೇ ಬೇರೆ, ಕಳ್ಳತನ, ಹೊಡೆದಾಟ, ಕಂಪನಿಗೆ ಬೇಕಂತಲೇ ನಷ್ಟ ಮಾಡೋದು ಇಂಥದ್ದಕ್ಕೆ ತೆಗೆಯೋದೇ ಬೇರೆ. ಗ್ರಾಚ್ಯುಟಿ ಮುಟ್ಟುಗೋಲು ಹಾಕೋದು ಎರಡನೇ ಥರದ್ದಕ್ಕೆ. ಇದಕ್ಕೇ ಅಂಟಿಕೊಂಡು ಒಂದು ಎಚ್ಚರಿಕೆ ಕೊಟ್ಟರು, ಇದನ್ನು ಎಲ್ಲರೂ ಓದಲಿ ಅಂತ ಬರೀತಿದ್ದೀನಿ. ಸಾಕ್ಷಿ ಬೇಕು ಅಂತ ಕಂಪನಿಯ ಫೈಲು, ಕೋಡು, ಕ್ಲೈಂಟ್ ಮೇಲುಗಳನ್ನು ನಿಮ್ಮ ಸ್ವಂತ ಜಿಮೇಲ್‌ಗೆ ಕಳಿಸಿಕೊಳ್ಳಬೇಡಿ. ಅವರಿಗೆ ಇಲ್ಲದ ಕಾರಣ ನೀವೇ ಕೈಗೆ ಕೊಟ್ಟ ಹಾಗೆ. ನಾನು ಹಿಂದಿನ ರಾತ್ರಿ ಅದನ್ನೇ ಮಾಡೋಣ ಅಂತಿದ್ದೆ. ಪೇಸ್ಲಿಪ್, ಅಪಾಯಿಂಟ್‌ಮೆಂಟ್ ಲೆಟರ್, ಇನ್‌ಕ್ರಿಮೆಂಟ್ ಲೆಟರ್, ಇವು ನಿಮ್ಮವು, ಇಟ್ಟುಕೊಳ್ಳಿ. ಉಳಿದದ್ದಕ್ಕೆ ಅವರು ಹೇಳಿದ ದಾರಿ ಸರಳ: ಪ್ರತಿ ವಾರ ರಿವ್ಯೂ ಮೀಟಿಂಗ್ ಆದ ಮೇಲೆ ಏನು ಮಾತಾಡಿದರು ಅಂತ ನೀವೇ ನಾಲ್ಕು ಸಾಲು ಬರೆದು ಮ್ಯಾನೇಜರ್‌ಗೆ ಮೇಲ್ ಮಾಡಿ, ಜಗಳ ಬೇಡ, ಬೈಗುಳ ಬೇಡ.

ಕಾನೂನಿನ ಭಾಗ ನನಗೆ ಅರ್ಥ ಆದಷ್ಟು ಹೇಳ್ತೀನಿ. ನನ್ನ ಕಾರ್ಡ್‌ನಲ್ಲಿ 'ಲೀಡ್' ಅಂತ ಇದೆ. "ಯಾರಿಗಾದರೂ ರಜೆ ಮಂಜೂರು ಮಾಡ್ತೀರಾ? ಯಾರನ್ನಾದರೂ ಕೆಲಸಕ್ಕೆ ತಗೋತೀರಾ, ತೆಗೀತೀರಾ?" ಇಲ್ಲ ಸಾರ್, ಕೋಡ್ ಬರೀತೀನಿ. "ಹಾಗಾದರೆ ಕಾರ್ಡ್ ಬಿಡಿ, ಮಾಡೋ ಕೆಲಸ ಮುಖ್ಯ." ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಕಾರ್ಮಿಕ ಅಂದರೆ ಯಾರು ಅನ್ನೋದು ಹುದ್ದೆಯ ಹೆಸರಿನಿಂದ ತೀರ್ಮಾನ ಆಗಲ್ಲ. ಕಾರ್ಮಿಕ ಅಂತ ಆದರೆ ಕೆಲಸದಿಂದ ಕಡಿತ ಮಾಡುವಾಗ ಒಂದು ತಿಂಗಳ ನೋಟಿಸ್, ಪೂರ್ತಿಯಾದ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಕೊಡಬೇಕು. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೇ ಸೆಕ್ಷನ್ ಕೂಡ, ಆರು ತಿಂಗಳು ಕೆಲಸ ಮಾಡಿದವರನ್ನು ಸರಿಯಾದ ಕಾರಣ ಇಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ ಇಲ್ಲದೆ ತೆಗೆಯುವಂತಿಲ್ಲ ಅನ್ನುತ್ತೆ. ಆದರೆ ನೀವೇ 'ವೈಯಕ್ತಿಕ ಕಾರಣ' ಅಂತ ಬರೆದು ಸಹಿ ಹಾಕಿದ ಮೇಲೆ, ನನ್ನ ಕೈಹಿಡಿದು ಬರೆಸಿದರು ಅಂತ ತೋರಿಸಬೇಕಾದವರೂ ನೀವೇ.

ಇನ್ನು ದೂರುಗಳು. ಒಂದು ಗಂಟೆಯಲ್ಲಿ ಏಳು ಸಲ ಫೋನ್ ಬಂತು, ನಾಲ್ಕು ಸಲ ಎತ್ತಿದರು. ಒಮ್ಮೆ ಯಾರೋ ಸೀದಾ ಒಳಗೆ ಬಂದು ವಕಾಲತ್ತಿಗೆ ಸಹಿ ಹಾಕಿ ಹೋದರು, ನಾನು ನನ್ನ ಸಂಬಳದ ಲೆಕ್ಕ ಹೇಳ್ತಾ ಇದ್ದಾಗಲೇ. ಹೇಳಿದ್ದನ್ನು ಬರೆದು ಕೊಡಲ್ಲ. ನೀವೇ ಬರ್ಕೊಬೇಕು. ಕೊಟ್ಟ ಒಂದು ಚೀಟಿಯ ಅಕ್ಷರ ಮೆಡಿಕಲ್ ಶಾಪಿನವರೂ ಓದಲಾರರು. ಐಟಿಯಲ್ಲಿ ಬ್ಯಾಕ್‌ಗ್ರೌಂಡ್ ಚೆಕ್ ಹೇಗೆ ನಡೆಯುತ್ತೆ ಅಂತ ಅವರಿಗೆ ಅಷ್ಟು ಗೊತ್ತಿರಲಿಲ್ಲ. ಅದನ್ನು ನಾನು ಆಮೇಲೆ ಎಚ್‌ಆರ್‌ನಲ್ಲೇ ಇರೋ ಗೆಳತಿಯ ಹತ್ತಿರ ಕೇಳಿದೆ. ಹೆಚ್ಚಿನ ಕಡೆ ನೋಡೋದು ಸೇರಿದ ದಿನ, ಬಿಟ್ಟ ದಿನ, ರಿಲೀವಿಂಗ್ ಲೆಟರ್, ಪಿಎಫ್ ಹಿಸ್ಟರಿ, ಪಿಐಪಿ ಇತ್ತಾ ಅಂತ ಕೇಳೋದು ಕಮ್ಮಿ ಅಂದಳು.

ಎಲ್ಲಕ್ಕಿಂತ ದೊಡ್ಡ ದೂರು ಅಂದರೆ, ನಾನು ಹೋಗಿದ್ದೇ ಒಂದು ಪ್ರಶ್ನೆ ಹಿಡ್ಕೊಂಡು. ಬಿಡಲಾ, ಬೇಡವಾ? ಅದಕ್ಕೆ ಉತ್ತರ ಕೊಡಲಿಲ್ಲ. "ಅದು ಮನೆಯವರ ಹತ್ರ ಕೂತು ಮಾತಾಡೋ ವಿಷಯ, ಎರಡು ಸಾವಿರಕ್ಕೆ ನಾನು ಹೇಳೋದಲ್ಲ" ಅಂದರು. ಆ ಕ್ಷಣಕ್ಕೆ ಸಿಟ್ಟು ಬಂತು. ದುಡ್ಡು ತಗೊಂಡು ನುಣುಚಿಕೊಂಡರು ಅನ್ನಿಸಿತು.

ಮನೆಗೆ ಬಂದು ಹೆಂಡತಿಗೆ ಎಲ್ಲಾ ಹೇಳಿದೆ, ಸೆಕ್ಷನ್ ನಂಬರ್ ಸಮೇತ. ಅವಳು ಮೆಂತ್ಯ ಸೊಪ್ಪು ಬಿಡಿಸ್ತಾ ಕೇಳಿಸಿಕೊಂಡು ಒಂದೇ ಮಾತು ಕೇಳಿದಳು. "ರೀ, ಅತ್ತೆ ಮಂಡಿ ಆಪರೇಷನ್ ನವೆಂಬರ್‌ಗೆ ಅಂತ ಡಾಕ್ಟರ್ ಡೇಟ್ ಕೊಟ್ಟಿದ್ದಾರಲ್ಲ, ಅದು ಯಾರ ಇನ್ಶೂರೆನ್ಸ್‌ನಲ್ಲಿ?" ಅಮ್ಮ ಇರೋದು ನನ್ನ ಕಂಪನಿಯ ಗ್ರೂಪ್ ಪಾಲಿಸಿಯಲ್ಲಿ. ನನ್ನ ಕೊನೆಯ ದಿನಕ್ಕೇ ಅದೂ ಮುಗಿಯುತ್ತೆ. ಹೊರಗೆ ಹೊಸ ಪಾಲಿಸಿ ಮಾಡಿಸಿದರೆ ಮೊದಲಿನಿಂದ ಇರೋ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. ಇದನ್ನು ಕೋಚೂ ಕೇಳಲಿಲ್ಲ, ಲಾಯರೂ ಕೇಳಲಿಲ್ಲ, ನನಗೂ ಹೊಳೆದಿರಲಿಲ್ಲ. ಡ್ರಾಫ್ಟ್ ಆ ರಾತ್ರಿಯೇ ಡಿಲೀಟ್ ಆಯ್ತು. ಈಗ ಯೋಚಿಸಿದರೆ ಲಾಯರ್ ಹೇಳಿದ್ದು ಸರಿಯಾಗಿಯೇ ಇತ್ತು, ಸ್ವಲ್ಪ ಮೃದುವಾಗಿ ಹೇಳಬಹುದಿತ್ತು ಅಷ್ಟೆ.

ಸೋಮವಾರ ಎಚ್‌ಆರ್‌ಗೆ ಎರಡು ಸಾಲಿನ ಮೇಲ್ ಹಾಕಿದೆ: ರಾಜೀನಾಮೆ ಕೊಡ್ತಿಲ್ಲ, ಪಿಐಪಿ ಪೂರ್ತಿ ಮಾಡ್ತೀನಿ. ಕೈ ನಡುಗ್ತಾ ಇತ್ತು. ಆಕಾಶ ಬೀಳಲಿಲ್ಲ. ಟಿಶ್ಯೂ ಡಬ್ಬದ ರೂಮಿಗೆ ಮತ್ತೆ ಕರೆಯಲೂ ಇಲ್ಲ. ಪ್ರತಿ ಶುಕ್ರವಾರ ನಾಲ್ಕು ಸಾಲು ಮೇಲ್ ಮಾಡಿದೆ. ಅಕ್ಟೋಬರ್ ಕೊನೆಗೆ ಪಾಸೂ ಅನ್ನಲಿಲ್ಲ, ಫೇಲೂ ಅನ್ನಲಿಲ್ಲ, ಇನ್ನೊಂದು ತಿಂಗಳು ಮುಂದೂಡಿದರು. ಅಷ್ಟರಲ್ಲಿ ಅಮ್ಮನ ಆಪರೇಷನ್ ಮುಗಿಯಿತು. ನಾನು ಬೇರೆ ಕಡೆ ಇಂಟರ್‌ವ್ಯೂ ಕೊಡ್ತಾ ಇದ್ದೆ, ಒಂದು ಆಫರ್ ಕೈಗೆ ಬಂತು, ಸಂಬಳ ಈಗಿನಷ್ಟೇ. ನವೆಂಬರ್ 20ಕ್ಕೆ ಪೇಪರ್ ಹಾಕಿದೆ. 90 ದಿನ ಲೆಕ್ಕ ಹಾಕಿದರೆ ಫೆಬ್ರವರಿ 18. ಮೂರು ದಿನ ಮುಂಚೆಯೇ ಹಾಕಬಹುದಿತ್ತು, ಸುಮ್ನೆ ಇರಲಿ ಅಂತ ಇನ್ನೂ ಮೂರು ದಿನ ಬಿಟ್ಟೆ. ಇದನ್ನು ಬರೆಯುವಾಗ ಜನವರಿ, ಇನ್ನೂ ನೋಟಿಸ್‌ನಲ್ಲೇ ಇದ್ದೀನಿ. ಮಧ್ಯದಲ್ಲಿ ನೋಟಿಸ್ ಸಂಬಳ ಕೈಗಿಟ್ಟು ನಾಳೆಯಿಂದ ಬರಬೇಡ ಅಂದರೆ ಐದು ವರ್ಷ ತುಂಬಲ್ಲ, ಆಗ ಆ 240 ದಿನದ ವಾದಕ್ಕೇ ಹೋಗಬೇಕು. ಆ ಭಯ ಇನ್ನೂ ಇದೆ. ಬೆಳಿಗ್ಗೆ ಲ್ಯಾಪ್‌ಟಾಪ್ ತೆಗೆದಾಗ ಲಾಗಿನ್ ಆಗುತ್ತಾ ಅಂತಲೇ ಮೊದಲು ನೋಡೋದು.

ಒಂದು ಮುಖ್ಯವಾದ ವಿಷಯ. ನಾನು ಪೇಪರ್ ಹಾಕಿದ ಮಾರನೇ ದಿನ, 2025ರ ನವೆಂಬರ್ 21ಕ್ಕೆ, ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. 1947ರ ಕಾಯ್ದೆ, ಗ್ರಾಚ್ಯುಟಿ ಕಾಯ್ದೆ ಎಲ್ಲಾ ಅದರೊಳಗೆ ಹೋಗಿವೆ. ನಿಗದಿತ ಅವಧಿಗೆ ಸೇರಿದವರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ, ಕೆಲಸ ಬಿಟ್ಟ ಎರಡು ಕೆಲಸದ ದಿನದೊಳಗೆ ಸಂಬಳದ ಬಾಕಿ, ಹೀಗೆ ಕೆಲವು ಬದಲಾವಣೆ ಇವೆ. ಅಂದರೆ ನಾನು ಮೇಲೆ ಹೇಳಿದ ಸೆಕ್ಷನ್ನುಗಳನ್ನು ಹಿಡಿದುಕೊಂಡು ಹೋಗಿ ಎಚ್‌ಆರ್ ಹತ್ತಿರ ವಾದ ಮಾಡಬೇಡಿ, ನಿಮ್ಮ ಕಾಗದ ಇಟ್ಟುಕೊಂಡು ಹೊಸದಾಗಿ ಕೇಳಿ.

ಎರಡು ಸಾವಿರವೂ ಕಷ್ಟ ಅನ್ನೋರಿಗೆ ಅವರೇ ಹೇಳಿದ ದಾರಿಗಳು: ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ಕಾರ್ಮಿಕ ಇಲಾಖೆಗೆ ನೇರ ದೂರು ಕೊಡಬಹುದು. ಐಟಿಯವರಿಗೆ ಕೆಐಟಿಯು ಅಂತ ಯೂನಿಯನ್ ಇದೆ. ಹೆಣ್ಣುಮಕ್ಕಳಾದರೆ ಆದಾಯ ಎಷ್ಟಿದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತವಾಗಿ ವಕೀಲರ ನೆರವು ಕೇಳಬಹುದು. ತಮ್ಮ ಗಿರಾಕಿ ಕಳೆದುಕೊಳ್ಳೋ ಮಾತನ್ನ ತಾವೇ ಹೇಳಿದರು ಅನ್ನೋದಕ್ಕೆ ಅರ್ಧ ಸ್ಟಾರ್ ಜಾಸ್ತಿ.

ಒಟ್ಟು ನಾಲ್ಕು ಸ್ಟಾರ್. ಫೋನ್ ಕೆಳಗಿಟ್ಟು ಮಾತಾಡಿದ್ದರೆ ನಾಲ್ಕೂವರೆ ಕೊಡ್ತಿದ್ದೆ. ಹೋಗುವವರು ಅಪಾಯಿಂಟ್‌ಮೆಂಟ್ ಲೆಟರ್, ಕೊನೆಯ ಮೂರು ಪೇಸ್ಲಿಪ್, ಪಿಐಪಿ ಕಾಗದ ಇಷ್ಟನ್ನು ತಗೊಂಡು ಹೋಗಿ, ಫೋನ್‌ನಲ್ಲಿ ತೋರಿಸಿದರೆ ಅವರು ಓದಲ್ಲ. ಪ್ರಿಂಟ್ ಮನೆ ಹತ್ತಿರವೇ ಮಾಡಿಸಿ. ಶನಿವಾರ ಮಧ್ಯಾಹ್ನ ಕೆಳಗಿನ ಜೆರಾಕ್ಸ್ ಅಂಗಡಿ ಊಟಕ್ಕೆ ಮುಚ್ಚಿರುತ್ತೆ. ಲಿಫ್ಟ್ ಇಲ್ಲ.